ಗ್ಲಾಸ್ಗೋ ಅಂಚಿನ ಮೆದು ವಿಸ್ಕಿ

ಸ್ಕಾಚ್ ಎಂದೊಡನೆ ಹೊಗೆಯ ಘಾಟನ್ನೂ ಗಂಟಲಿನ ಉರಿಯನ್ನೂ ನಿರೀಕ್ಷಿಸುವವರಿಗೆ, ಗ್ಲಾಸ್ಗೋ ನಗರದ ಅಂಚಿನಲ್ಲಿ ಕ್ಲೈಡ್ ನದಿಗೂ ಕಿಲ್‌ಪ್ಯಾಟ್ರಿಕ್ ಗುಡ್ಡಗಳಿಗೂ ನಡುವೆ ತಯಾರಾಗುವ ಆಕೆಂಟಾಶನ್ ಎಂಬ ವಿಸ್ಕಿ ಮೊದಲ ಗುಟುಕಿನಲ್ಲಿ ನಿರಾಸೆಯನ್ನೇ ತರಬಹುದು. ಕೆಲಸಕ್ಕೆಂದು ಬಂದು ಈ ಊರಿನಲ್ಲಿ ನೆಲೆಸಿದ ನನಗೆ ಇದೇ ನೆರೆಯ ಡಿಸ್ಟಿಲರಿ. ಇದರ 12 ವರ್ಷ ಮಾಗಿದ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿಯನ್ನು, ಮತ್ತೆ ಮತ್ತೆ ಸವಿದ ಮೇಲೆ, ಖಡಕ್ ವಿಸ್ಕಿಗಿಂತ ಮೆದು ವಿಸ್ಕಿಯನ್ನು ಚೆನ್ನಾಗಿ ತಯಾರಿಸುವುದೇ ಕಷ್ಟ ಎಂದು ನನಗೆ ಮನವರಿಕೆಯಾಗಿದೆ. ಹೊಗೆಯ ಮರೆಯಲ್ಲಿ ಅಡಗಿಬಿಡುವ ಕುಂದುಗಳಿಗೆ ಇಲ್ಲಿ ಮರೆಯೇ ಇಲ್ಲ.

ಈ ಮೆದುತನಕ್ಕೆ ಕಾರಣ ಬಟ್ಟಿ ಇಳಿಸುವ ಕ್ರಮದಲ್ಲಿದೆ. ಸ್ಕಾಟ್ಲೆಂಡಿನ ಬಹುತೇಕ ಮಾಲ್ಟ್‌ಗಳನ್ನು ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸಿದರೆ, 1823ರಲ್ಲಿ ಪರವಾನಗಿ ಪಡೆದ ಈ ಡಿಸ್ಟಿಲರಿಯಲ್ಲಿ ಮೂರು ಬಾರಿ ಇಳಿಸುತ್ತಾರೆ. ಎರಡು ಬಾರಿ ಇಳಿಸಿದ ಮದ್ಯದ ತೀವ್ರತೆ, ಅಂದರೆ ಆಲ್ಕೋಹಾಲ್ ಪ್ರಮಾಣ, ಸಾಮಾನ್ಯವಾಗಿ ಶೇ. 70ರ ಆಸುಪಾಸಿನಲ್ಲಿರುತ್ತದೆ; ಇಲ್ಲಿ ಅದು ಶೇ. 81ರ ಹತ್ತಿರ ಬರುತ್ತದೆ. ಹಾಗೆ ಏರಿದಂತೆಲ್ಲ ಎಣ್ಣೆಯಂಶವುಳ್ಳ ಭಾರವಾದ ವಾಸನೆಗಳು ಹಿಂದುಳಿದು, ಹಣ್ಣಿನ ಹಗುರವಾದ ಪರಿಮಳಗಳು ಮುಂದೆ ಬರುತ್ತವೆ. ಬಾರ್ಲಿಯನ್ನು ಒಣಗಿಸುವಾಗ ಪೀಟ್ ಎಂಬ ಜೌಗುನೆಲದ ಇಂಧನದ ಹೊಗೆಯನ್ನು ಹಾಯಿಸುವುದಿಲ್ಲವಾದ್ದರಿಂದ ಹೊಗೆಯ ಸುಳಿವೂ ಇಲ್ಲ.

ಬಣ್ಣವನ್ನು ನೋಡಿ ಬೆಲೆ ಕಟ್ಟಬೇಡಿ ಎಂಬುದು ಊರಿನ ಗೆಳೆಯರಿಗೆ ನನ್ನ ಮೊದಲ ಮಾತು. ಸ್ಕಾಚ್‌ಗೆ ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ. ಎರಡನೆಯದು, ಐಸ್ ಬೇಡ. ಬೆಂಗಳೂರಿನ ಬಾರುಗಳಲ್ಲಿ ಐಸು, ಸೋಡ, ಕಾಂಗ್ರೆಸ್ ಕಡಲೆಕಾಯಿಗಳ ಜೊತೆಗೆ ಪೆಗ್ ಏರಿಸುವ ಸುಖವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ತಣ್ಣಗಾದಷ್ಟೂ ಪರಿಮಳ ಮುದುರಿಕೊಳ್ಳುತ್ತದೆ, ಇಂಥ ವಿಸ್ಕಿಯಲ್ಲಂತೂ ಪರಿಮಳವೇ ಮುಖ್ಯ ಬಂಡವಾಳ. ಬಾಯಿ ಕಿರಿದಾಗಿರುವ ಲೋಟದಲ್ಲಿ 25 ಮಿಲಿಲೀಟರ್ ಸುರಿದು, ಕೆಲವು ನಿಮಿಷ ಸುಮ್ಮನೆ ಬಿಟ್ಟು, ಬಾಯನ್ನು ಸ್ವಲ್ಪ ತೆರೆದಿಟ್ಟುಕೊಂಡೇ ಮೂಸಿದರೆ ಮದ್ಯದ ಘಾಟು ಮೂಗಿಗೆ ಅಡರುವುದಿಲ್ಲ.

12 ವರ್ಷದ ಈ ಮಾಲ್ಟ್‌ನಲ್ಲಿ ಮೊದಲು ಸಿಗುವುದು ಕಿತ್ತಳೆ ಸಿಪ್ಪೆಯ ಪರಿಮಳ, ಅದರ ಹಿಂದೆಯೇ ಸುಟ್ಟ ಸಕ್ಕರೆ ಮತ್ತು ಹುರಿದ ಬಾದಾಮಿ. ಬರ್ಬನ್ ಎಂಬ ಅಮೆರಿಕದ ವಿಸ್ಕಿ ಮತ್ತು ಶೆರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಗಳಲ್ಲಿ ಮಾಗಿದ್ದರ ಗುರುತು ಇದು. ನಾಲಿಗೆಯ ಮೇಲೆ ನಯವಾಗಿ ಹರಡುತ್ತದೆ, ಕೊನೆಯಲ್ಲಿ ಓಕ್ ಮರದ ತೆಳು ಒಗರು ಉಳಿಯುತ್ತದೆ. ಆದರೆ ಆ ಒಗರು ಬೇಗನೆ ಮಾಯವಾಗುವುದೇ ಇದರ ದೊಡ್ಡ ಕೊರತೆ. ಕಾನೂನು ಅನುಮತಿಸುವ ಕನಿಷ್ಠ ಆಲ್ಕೋಹಾಲ್ ಪ್ರಮಾಣವಾದ ಶೇ. 40ಕ್ಕೇ ಇಳಿಸಿ ಬಾಟಲಿಗೆ ತುಂಬುವುದರಿಂದ ಮೈಕಟ್ಟು ತೆಳುವಾಗಿದೆ. ಒಂದೆರಡು ಹನಿ ನೀರು ಹಾಕಿದರೆ ಹಣ್ಣಿನ ಪರಿಮಳ ಅರಳುತ್ತದೆ. ಚಮಚದಷ್ಟು ಹಾಕಿದರೆ ಎಲ್ಲವೂ ಚದುರಿಹೋಗುತ್ತದೆ.

ಹೋಲಿಸಿ ನೋಡಲು ನಮ್ಮದೇ ಅಮೃತ್ ಇದೆ. ಬೆಂಗಳೂರಿನ ಈ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) 2004ರಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲೇ. ಇಲ್ಲಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಅದು ಶೇ. 10ನ್ನೂ ಮೀರುತ್ತದೆ, ಅಲ್ಲಿನ ಬಿಸಿಗೆ ಮರದ ಗುಣವೂ ವಿಸ್ಕಿಯೊಳಗೆ ಬಹುಬೇಗ ಇಳಿಯುತ್ತದೆ. ಶೇ. 46ರ ಅಮೃತ್ ಕುಡಿದ ಬಳಿಕ ಆಕೆಂಟಾಶನ್ ನೀರಾಗಿ ತೋರುತ್ತದೆ. ಕ್ರಮವನ್ನು ಬದಲಿಸಿ ಆಕೆಂಟಾಶನ್ನನ್ನೇ ಮೊದಲು ಕುಡಿದರೆ ಎರಡಕ್ಕೂ ನ್ಯಾಯ ಸಿಗುತ್ತದೆ. ಊಟಕ್ಕೆ ಮುಂಚೆ, ಬಾಯಲ್ಲಿ ಖಾರ ಇಲ್ಲದಿರುವಾಗ ಕುಡಿಯಲು ಇದಕ್ಕಿಂತ ಹಿತವಾದದ್ದನ್ನು ನಾನು ಸುಲಭವಾಗಿ ಹೆಸರಿಸಲಾರೆ. ಇದನ್ನೇ ಶೇ. 46ರಲ್ಲಿ ತುಂಬಿ ಮಾರಿದರೆ ಹೆಚ್ಚು ಬೆಲೆ ಕೊಟ್ಟು ಕೊಳ್ಳಲು ನಾನು ಸಿದ್ಧ.