ಕೃಷಿ ತ್ಯಾಜ್ಯ ತಿನ್ನುವ ಹುಳುಗಳನ್ನು ಸಾಕುವುದು

ತಿಪ್ಪೆ ಕೆದಕುವಾಗ ಕಣ್ಣಿಗೆ ಬೀಳುವ ದಪ್ಪನೆಯ, ಚಪ್ಪಟೆ ಮೈಯ, ಮಾಸಲು ಬಣ್ಣದ ಹುಳುಗಳನ್ನು ಮನೆನೊಣದ ಹುಳುಗಳೆಂದು ತಿಳಿದು ಅನೇಕರು ಔಷಧಿ ಸುರಿದುಬಿಡುತ್ತಾರೆ. ಮೊದಲ ಸಲ ಕಂಡಾಗ ನಾನೂ ಹಾಗೆಯೇ ತಿಳಿದಿದ್ದೆ. ಅಂಗೈಯಲ್ಲಿಟ್ಟು ನೋಡಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ಮನೆನೊಣದ ಹುಳು ನುಣುಪಾಗಿ, ಬೆಳ್ಳಗೆ, ತಲೆಯ ಕಡೆ ಚೂಪಾಗಿ ಇರುತ್ತದೆ. ಇದರ ಮೈ ತೊಗಲಿನಂತೆ ಗಡುಸು. ಖಂಡ ಖಂಡವಾದ ದೇಹ, ಪುಟ್ಟದಾದರೂ ಎದ್ದು ಕಾಣುವ ತಲೆ, ಅಂಚಿನುದ್ದಕ್ಕೂ ಬಿರುಸಾದ ಸಣ್ಣ ರೋಮಗಳು. ಇದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂದು ಕರೆಯುವ ಕಪ್ಪು ಸೈನಿಕ ನೊಣದ ಮರಿಹುಳು. ಇದರ ವೈಜ್ಞಾನಿಕ ಹೆಸರು ಹರ್ಮೀಷಿಯಾ ಇಲ್ಯೂಸೆನ್ಸ್. ಮೂಲ ನೆಲೆ ಅಮೆರಿಕ ಖಂಡಗಳು. ಇಂದು ಜಗತ್ತಿನ ಬೆಚ್ಚಗಿನ ಪ್ರದೇಶಗಳಲ್ಲೆಲ್ಲ ಇದು ನೆಲೆಯೂರಿದೆ.

ಈ ನೊಣದ ಬಗ್ಗೆ ಇರುವ ಅಂಜಿಕೆಯನ್ನು ಮೊದಲು ಬಿಡಬೇಕು. ರೆಕ್ಕೆ ಬಂದ ನೊಣ ಬದುಕುವುದು ಒಂದೆರಡು ವಾರ ಮಾತ್ರ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬೇ ಅದರ ಆಧಾರವಾದ್ದರಿಂದ ಅದು ಊಟ ಹುಡುಕಿಕೊಂಡು ಮನೆಯೊಳಗೆ ನುಗ್ಗುವುದಿಲ್ಲ, ನಮ್ಮ ಆಹಾರದ ಮೇಲೆ ಕೂರುವುದಿಲ್ಲ, ಕಚ್ಚುವುದೂ ಇಲ್ಲ. ಕೋಳಿ ಹಿಕ್ಕೆಯಲ್ಲಿ ಈ ಹುಳುಗಳು ಒತ್ತಾಗಿ ತುಂಬಿಕೊಂಡರೆ ಮನೆನೊಣಗಳು ಅಲ್ಲಿ ಮೊಟ್ಟೆಯಿಡುವುದು ಬಹಳ ಕಡಿಮೆಯಾಗುತ್ತದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೇಗ್ ಶೆಪ್ಪರ್ಡ್ ಅವರು ಇದನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿ ದಾಖಲಿಸಿದರು. ಕೋಳಿ ಗೊಬ್ಬರದ ನಿರ್ವಹಣೆಗೆ ಈ ಹುಳುವನ್ನು ಬಳಸುವ ಕ್ರಮವನ್ನು 1994ರಲ್ಲಿ ಪ್ರಕಟಿಸಿದವರ ತಂಡದಲ್ಲೂ ಅವರಿದ್ದರು.

ಇಷ್ಟನ್ನು ಓದಿಕೊಂಡು ಕೆಲಸಕ್ಕೆ ಇಳಿದವರು ಸಾಮಾನ್ಯವಾಗಿ ಎಡವುವ ಜಾಗದಲ್ಲೇ ನಾನೂ ಎಡವಿದೆ. ಹುಳು ಏನನ್ನಾದರೂ ತಿನ್ನುತ್ತದೆ ಎಂಬ ಮಾತನ್ನು ನಂಬಿ ಅದರ ತೊಟ್ಟಿಯನ್ನು ಕಸದ ಗುಂಡಿಯಂತೆ ಬಳಸಿದೆ. ಕೊಳೆತ ಹಣ್ಣುಗಳನ್ನು ಇಡಿಯಾಗಿ, ತರಕಾರಿ ಕಸವನ್ನು ಬಂದಂತೆಯೇ, ಒಂದೇ ಸಲಕ್ಕೆ ಒಂದಡಿ ದಪ್ಪಕ್ಕೆ ತುಂಬಿ ಮುಚ್ಚಿದೆ. ಮೂರನೆಯ ದಿನ ತೊಟ್ಟಿಯ ಹತ್ತಿರ ಹೋಗುವಾಗಲೇ ಹುಳಿಯೆದ್ದ ದುರ್ನಾತ ಮೂಗಿಗೆ ಬಡಿಯಿತು. ಮುಚ್ಚಳ ತೆಗೆದರೆ ಹುಳುಗಳು ತ್ಯಾಜ್ಯವನ್ನು ಬಿಟ್ಟು ತೊಟ್ಟಿಯ ಗೋಡೆಗೆ ಸಾಲುಸಾಲಾಗಿ ಅಂಟಿಕೊಂಡಿದ್ದವು. ತಳದಲ್ಲಿ ಕಪ್ಪು ನೀರು ನಿಂತು ಗಾಳಿಯಾಡದ ಕೊಳೆ ಶುರುವಾಗಿತ್ತು. ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಆ ಬಿಸಿ ತ್ಯಾಜ್ಯ ಕೊಳೆಯುವುದರಿಂದಷ್ಟೇ ಬರುವುದಲ್ಲ. ಸಾವಿರಾರು ಹುಳುಗಳು ಒಟ್ಟಾಗಿ ತಿನ್ನುವಾಗ ಅವುಗಳ ಮೈಯಿಂದಲೂ ಬರುತ್ತದೆ. 24ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಯಾಗಿ ಬೆಳೆಯುವ ಜೀವಿ 40 ಡಿಗ್ರಿ ದಾಟಿದ ರಾಶಿಯಲ್ಲಿ ನಿಲ್ಲುವುದಾದರೂ ಹೇಗೆ? ಅರ್ಧ ತ್ಯಾಜ್ಯವನ್ನು ಹೊರಗೆ ಹಾಕಿ, ಉಳಿದದ್ದನ್ನು ತೆಳುವಾಗಿ ಹರಡಿ, ಸಣ್ಣಗೆ ಕತ್ತರಿಸಿದ ಒಣಹುಲ್ಲನ್ನು ಬೆರೆಸಿದ ಮೇಲೆ ಅವು ಮತ್ತೆ ಕೆಳಗಿಳಿದವು.

ಅಂದಿನಿಂದ ನಾನು ಇದನ್ನು ತ್ಯಾಜ್ಯ ವಿಲೇವಾರಿ ಎಂದು ಕರೆಯುವುದನ್ನು ಬಿಟ್ಟಿದ್ದೇನೆ. ಇದು ಪಶುಪಾಲನೆಯಂತೆಯೇ ಒಂದು ಸಾಕಣೆ. ದನಕ್ಕೆ ಮೇವು ಹದ ಮಾಡಿ ಹಾಕುವಂತೆ ಹುಳುವಿಗೂ ಮೇವನ್ನು ಹದ ಮಾಡಿಯೇ ಹಾಕಬೇಕು. ಈ ಹುಳುವಿನ ಬಾಯಿ ಗಟ್ಟಿ ವಸ್ತುವನ್ನು ಕಚ್ಚಿ ತುಂಡರಿಸುವಂಥದ್ದಲ್ಲ, ಮೆತ್ತಗಾದದ್ದನ್ನು ಕೆರೆದು ಒಳಗೆಳೆದುಕೊಳ್ಳುವಂಥದ್ದು. ಆದ್ದರಿಂದ ತ್ಯಾಜ್ಯದ ತುಂಡುಗಳು ಒಂದೆರಡು ಸೆಂಟಿಮೀಟರ್‌ಗಿಂತ ದೊಡ್ಡದಿರಬಾರದು. ತೇವಾಂಶ 70ರಿಂದ 80 ಪ್ರತಿಶತ ಇರಬೇಕು. ಇದನ್ನು ಅಳೆಯಲು ಉಪಕರಣವೇನೂ ಬೇಡ. ಒಂದು ಹಿಡಿ ಮೇವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಇಳಿದರೆ ಹದ ಸರಿ. ಧಾರೆಯಾಗಿ ಇಳಿದರೆ ತೌಡನ್ನೋ ಒಣ ಹೊಟ್ಟನ್ನೋ ಸೇರಿಸಬೇಕು, ಏನೂ ಇಳಿಯದಿದ್ದರೆ ನೀರು ಚಿಮುಕಿಸಬೇಕು. ಮೇವಿನ ಪದರ ಸುಮಾರು ಐದು ಸೆಂಟಿಮೀಟರ್ ದಪ್ಪ ಮೀರದಂತೆ ಹರಡಿ, ಒಂದು ಪದರವನ್ನು ತಿಂದು ಮುಗಿಸಿದ ಮೇಲೆ ಇನ್ನೊಂದನ್ನು ಹಾಕಬೇಕು.

ಎಷ್ಟು ಹುಳುವಿಗೆ ಎಷ್ಟು ಮೇವು ಎಂಬ ಪ್ರಶ್ನೆಗೆ ಸ್ವಿಟ್ಜರ್ಲೆಂಡಿನ ಜಲ ಸಂಶೋಧನಾ ಸಂಸ್ಥೆ ಈವಾಗ್ ರೂಪಿಸಿದ ಲೆಕ್ಕ ನನಗೆ ಅನುಕೂಲವಾಗಿದೆ. 40 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ಒಂದು ಟ್ರೇಗೆ ಐದು ದಿನ ವಯಸ್ಸಿನ 10,000 ಮರಿಗಳನ್ನು ಬಿಟ್ಟರೆ ಅವು 12 ದಿನಗಳಲ್ಲಿ 15 ಕಿಲೋ ಹಸಿ ತ್ಯಾಜ್ಯವನ್ನು ಮುಗಿಸುತ್ತವೆ. ಈ 15 ಕಿಲೋವನ್ನು ಒಮ್ಮೆಗೇ ಸುರಿಯದೆ ಮೂರು ಕಂತುಗಳಲ್ಲಿ ಹಾಕಬೇಕು. ಕೊನೆಗೆ ಹಸಿ ತೂಕದ ಲೆಕ್ಕದಲ್ಲಿ ತ್ಯಾಜ್ಯ 65ರಿಂದ 80 ಪ್ರತಿಶತದಷ್ಟು ಇಳಿದಿರುತ್ತದೆ. ಒಳ್ಳೆಯ ಟ್ರೇಯ ಮೇಲೆ ಕಿವಿಯಿಟ್ಟು ಕೇಳಿದರೆ ತುಂತುರು ಮಳೆ ಎಲೆಗಳ ಮೇಲೆ ಬೀಳುವಂಥ ಸದ್ದು ಒಳಗಿನಿಂದ ಬರುತ್ತಿರುತ್ತದೆ. ನನ್ನ ಪಾಲಿಗೆ ಆ ಸದ್ದೇ ಆರೋಗ್ಯದ ಗುರುತು. ಬೆಳಗ್ಗೆ ಸದ್ದು ಕ್ಷೀಣಿಸಿದ್ದರೆ ಮೊದಲು ಬಿಸಿ ನೋಡುತ್ತೇನೆ, ಆಮೇಲೆ ನೀರು.

ಎಲ್ಲ ಕೃಷಿ ತ್ಯಾಜ್ಯವೂ ಇವಕ್ಕೆ ಒಗ್ಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹಣ್ಣು, ತರಕಾರಿ, ಕಾಳಿನ ತೌಡು, ಕೋಳಿ ಹಿಕ್ಕೆ, ಹಂದಿ ಗೊಬ್ಬರ ಇವೆಲ್ಲ ಬೇಗ ಕರಗುತ್ತವೆ. ಹುಲ್ಲು, ದಂಟು, ಸಿಪ್ಪೆ, ತರಗೆಲೆಗಳಲ್ಲಿ ನಾರು ಮತ್ತು ಗಿಡಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಶ ಹೆಚ್ಚಿರುವುದರಿಂದ ಹುಳುವಿಗೆ ಅವುಗಳಿಂದ ಸಿಗುವುದು ಅಲ್ಪ. ಅವನ್ನು ನೀರು ಹೀರಲು, ಗಾಳಿಯಾಡಲು ಬೇಕಾದಷ್ಟೇ ಬೆರೆಸಿ, ಉಳಿದದ್ದನ್ನು ಕಾಂಪೋಸ್ಟ್‌ಗೆ ಬಿಡುವುದು ಸರಿ. ಹಸುವಿನ ಸಗಣಿಯಲ್ಲಿ ಸುಲಭವಾಗಿ ಜೀರ್ಣವಾಗುವ ಅಂಶವನ್ನು ಹಸುವೇ ಹೀರಿಕೊಂಡಿರುತ್ತದೆ. ಹಾಗಾಗಿ ಬರೀ ಸಗಣಿಯಲ್ಲಿ ಬೆಳೆಯುವ ಹುಳು ನಿಧಾನ, ಸಪೂರ. ಹಣ್ಣಿನ ಕಸವನ್ನು ಜೊತೆಗೆ ಕೊಟ್ಟಾಗ ಬೆಳವಣಿಗೆಯಲ್ಲಿ ಆಗುವ ಬದಲಾವಣೆ ಬರಿಗಣ್ಣಿಗೇ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. ಕೀಟನಾಶಕ ಸಿಂಪಡಿಸಿದ ಬೆಳೆಯ ಕಸ ಕೀಟಕ್ಕೆ ವಿಷವೇ. ಈ ಹುಳುವೂ ಕೀಟವೇ. ಐವರ್‌ಮೆಕ್ಟಿನ್‌ನಂಥ ಜಂತುನಾಶಕ ಕೊಟ್ಟ ದನದ ಸಗಣಿಯಲ್ಲಿ ಆ ಔಷಧಿಯ ಅಂಶ ಉಳಿದಿರುತ್ತದೆ, ಅದು ನೊಣಜಾತಿಯ ಮರಿಹುಳುಗಳಿಗೆ ಮಾರಕ. ಔಷಧಿ ಕೊಟ್ಟ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟು, ಕೆಲವು ವಾರಗಳ ಕಾಲ ಆ ಸಗಣಿಯನ್ನು ಬೇರೆಯಾಗಿಯೇ ಹಾಕುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಇನ್ನು ಕ್ಯಾಡ್ಮಿಯಂನಂಥ ಭಾರಲೋಹಗಳು ತ್ಯಾಜ್ಯದಲ್ಲಿದ್ದರೆ ಹುಳುವಿನ ಮೈಯಲ್ಲಿ ಶೇಖರವಾಗುತ್ತವೆ. ಆ ಹುಳುವನ್ನು ತಿನ್ನುವುದು ಕೋಳಿ ಅಥವಾ ಮೀನು, ಅದನ್ನು ತಿನ್ನುವವರು ನಾವು. ಆದ್ದರಿಂದ ತ್ಯಾಜ್ಯ ಎಲ್ಲಿಂದ ಬಂತು ಎಂದು ವಿಚಾರಿಸದೆ ಟ್ರೇಗೆ ಸುರಿಯುವುದು ದೊಡ್ಡ ತಪ್ಪು. ಯುರೋಪಿಯನ್ ಒಕ್ಕೂಟ 2017ರಲ್ಲಿ ಮೀನಿನ ಆಹಾರದಲ್ಲಿ, 2021ರಲ್ಲಿ ಕೋಳಿ ಮತ್ತು ಹಂದಿಗಳ ಆಹಾರದಲ್ಲಿ ಕೀಟದ ಪ್ರೋಟೀನ್ ಬಳಸಲು ಅನುಮತಿ ಕೊಟ್ಟಿತಾದರೂ, ಅಂಥ ಕೀಟಗಳಿಗೆ ಗೊಬ್ಬರವನ್ನಾಗಲಿ ಅಡುಗೆಮನೆಯ ತ್ಯಾಜ್ಯವನ್ನಾಗಲಿ ಉಣಿಸಬಾರದೆಂಬ ನಿಯಮವನ್ನು ಸಡಿಲಿಸಲಿಲ್ಲ. ತ್ಯಾಜ್ಯ ಕರಗಿಸುವ ಉತ್ಸಾಹದಲ್ಲಿರುವವರಿಗೆ ಈ ನಿಯಮ ಅಡ್ಡಿಯೆಂದು ತೋರಬಹುದು. ನನಗೆ ಅದು ವಿವೇಕದ ನಿಯಮವಾಗಿಯೇ ಕಾಣುತ್ತದೆ. ಹಿಕ್ಕೆಯಲ್ಲಿ ಬೆಳೆದ ಹುಳುಗಳ ತೊಟ್ಟಿ, ಪ್ರಾಣಿಗಳ ಆಹಾರಕ್ಕಾಗಿ ಬೆಳೆಸುವ ಹುಳುಗಳ ಟ್ರೇ, ಇವೆರಡನ್ನೂ ನಾನು ಎಂದಿಗೂ ಬೆರೆಸುವುದಿಲ್ಲ.

ಹುಳುಗಳನ್ನು ಆರಿಸುವ ಕೆಲಸದ ಬಹುಪಾಲನ್ನು ಹುಳುಗಳೇ ಮಾಡಿಕೊಡುತ್ತವೆ. ಹದವಾದ ಬಿಸಿ, ಸಾಕಷ್ಟು ಮೇವು ಸಿಕ್ಕರೆ ಸುಮಾರು ಎರಡು ವಾರಗಳಲ್ಲಿ ಅವು ಎರಡೂವರೆ ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತವೆ; ಮೇವು ಸಾಲದಿದ್ದರೆ ಇದೇ ಬೆಳವಣಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಕೋಶಾವಸ್ಥೆ ಹತ್ತಿರವಾದಾಗ ಮೈ ಕಂದುಗಪ್ಪಾಗಿ, ತಿನ್ನುವ ಬಾಯಿ ಕೊಕ್ಕೆಯಂತಾಗಿ ಮಾರ್ಪಟ್ಟು, ಆ ಕೊಕ್ಕೆಯಿಂದ ಮೈಯನ್ನು ಎಳೆದುಕೊಳ್ಳುತ್ತಾ ಒಣಗಿದ, ಕತ್ತಲೆಯ ಜಾಗ ಹುಡುಕಿಕೊಂಡು ಮೇಲೇರುತ್ತವೆ. ತೊಟ್ಟಿಯ ಒಂದು ಬದಿಗೆ ಇಳಿಜಾರಾದ ಹಲಗೆ ಕೊಟ್ಟು ಅದರ ತುದಿಗೆ ಬಕೆಟ್ ಇಟ್ಟರೆ ರಾತ್ರಿಯಿಡೀ ಒಂದರ ಹಿಂದೊಂದು ಏರಿ ತಾವಾಗಿಯೇ ಬಕೆಟ್‌ಗೆ ಬೀಳುತ್ತವೆ. ಒಣಗಿಸಿದ ಹುಳುವಿನಲ್ಲಿ ಸುಮಾರು 40 ಪ್ರತಿಶತ ಪ್ರೋಟೀನ್, 30 ಪ್ರತಿಶತ ಕೊಬ್ಬು ಇರುತ್ತದೆ. ಉಂಡ ಮೇವಿಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ.

ಟ್ರೇಯಲ್ಲಿ ಉಳಿಯುವ ಹುಳುಗಳ ಹಿಕ್ಕೆ ಕಾಫಿ ಪುಡಿಯಂತೆ ಉದುರುದುರಾಗಿ ಕಾಣುವುದರಿಂದ ಅದನ್ನು ಕೂಡಲೇ ಗಿಡದ ಬುಡಕ್ಕೆ ಹಾಕುವ ಆಸೆಯಾಗುತ್ತದೆ. ಹಾಕಬಾರದು. ಎರಡೇ ವಾರಗಳಲ್ಲಿ ತಯಾರಾದ ಈ ವಸ್ತು ಪೂರ್ತಿ ಮಾಗಿರುವುದಿಲ್ಲ. ಅದರಲ್ಲಿರುವ ಅಮೋನಿಯಾ ಎಳೆಯ ಬೇರುಗಳನ್ನು ಸುಡುತ್ತದೆ. ನಾನು ಅದನ್ನು ಒಣಹುಲ್ಲಿನೊಂದಿಗೆ ರಾಶಿ ಹಾಕಿ ಮಾಗಲು ಬಿಡುತ್ತೇನೆ, ಇಲ್ಲವೇ ಎರೆಹುಳುಗಳಿಗೆ ಕೊಡುತ್ತೇನೆ. ಸೈನಿಕ ನೊಣದ ಹುಳು ಹಸಿಯಾದುದನ್ನು ವೇಗವಾಗಿ ಮುರಿಯುತ್ತದೆ, ಎರೆಹುಳು ಮುರಿದದ್ದನ್ನು ನಿಧಾನವಾಗಿ ಮಾಗಿಸುತ್ತದೆ. ಯಾವುದು ಮೇಲು ಎಂದು ಕೇಳುವವರಿಗೆ ಈ ಸರದಿಯನ್ನೇ ತೋರಿಸುತ್ತೇನೆ.

ಬಕೆಟ್‌ಗೆ ಬಿದ್ದ ಹುಳುಗಳಲ್ಲಿ ಒಂದು ಪಾಲನ್ನು ಪ್ರತಿ ಸಲವೂ ಮುಂದಿನ ಪೀಳಿಗೆಗೆ ಎತ್ತಿಡಬೇಕು. ಒಣ ಮರದ ಪುಡಿಯಲ್ಲಿ ಎರಡು ಮೂರು ವಾರ ಕೋಶವಾಗಿದ್ದು ಹೊರಬರುವ ನೊಣಗಳು ಬಿಸಿಲು ಸಿಗದೆ ಗಂಡು ಹೆಣ್ಣು ಕೂಡುವುದು ಕಷ್ಟ; ಅವನ್ನು ಇಡುವ ಬಲೆಯ ಗೂಡನ್ನು ಬೆಳಗಿನ ಬಿಸಿಲು ನೇರವಾಗಿ ಬೀಳುವ ಕಡೆ ಇಡಲು ಇದೇ ಕಾರಣ. ಹೆಣ್ಣು ನೊಣ ಮೊಟ್ಟೆಯಿಡುವುದು ಕೊಳೆಯುವ ವಸ್ತುವಿನ ಮೇಲಲ್ಲ, ಅದರ ಹತ್ತಿರದ ಒಣ ಸಂದಿಯಲ್ಲಿ. ಎರಡು ತೆಳು ಹಲಗೆಗಳ ನಡುವೆ ಕಡ್ಡಿಯಷ್ಟು ಜಾಗ ಬಿಟ್ಟು ಕಟ್ಟಿ, ವಾಸನೆ ಬರುವ ಹಣ್ಣಿನ ಡಬ್ಬಿಯ ಮೇಲಿಟ್ಟರೆ ಸಂಜೆಯ ಹೊತ್ತಿಗೆ ಆ ಸಂದಿಯಲ್ಲಿ ಕೆನೆ ಬಣ್ಣದ ಮೊಟ್ಟೆಗಳ ಗುಂಪುಗಳು ಅಂಟಿಕೊಂಡಿರುತ್ತವೆ. ಒಂದೊಂದು ಗುಂಪಿನಲ್ಲಿ 400ರಿಂದ 800 ಮೊಟ್ಟೆಗಳಿರುತ್ತವೆ. ನಾಲ್ಕು ದಿನಗಳಲ್ಲಿ ಒಡೆದು ಬರುವ, ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಮರಿಗಳಿಗೆ ಮೊದಲ ಐದು ದಿನ ತ್ಯಾಜ್ಯವನ್ನು ಕೊಡದೆ, ನೆನೆಸಿದ ನುಣ್ಣನೆಯ ತೌಡನ್ನು ಮಾತ್ರ ಕೊಡುತ್ತೇನೆ.