ಹೋಂ ಥಿಯೇಟರ್ ಕಂಪ್ಯೂಟರಿಗೆ ಪ್ರೊಸೆಸರ್: 10 ವ್ಯಾಟ್‌ನ ಬೋರ್ಡ್ ತಡವರಿಸಿದ ಸಂಜೆ

ದಾವಣಗೆರೆಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಯೊಂದರಲ್ಲಿ ನಾನು ಅಸೆಂಬ್ಲಿ ಮತ್ತು ಸರ್ವೀಸ್ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್ ಕೌಂಟರ್‌ಗಳು ಮತ್ತು ಆಡಿಟರ್ ಕಚೇರಿಗಳ ಕೆಲಸವೇ ಹೆಚ್ಚಾಗಿದ್ದ ನಮ್ಮಲ್ಲಿಗೆ, ಟಿವಿಯ ಪಕ್ಕದಲ್ಲಿಡಲು ಸದ್ದು ಮಾಡದ, ಕರೆಂಟು ಹೆಚ್ಚು ಎಳೆಯದ ಚಿಕ್ಕ ಪೆಟ್ಟಿಗೆ ಬೇಕೆಂದು ಬರುವವರು ಈಚೆಗೆ ಹೆಚ್ಚಿದ್ದಾರೆ. ಅಂಥವರಿಗೆ ಪ್ರೊಸೆಸರ್ ಆರಿಸುವಾಗ ಕಡಿಮೆ ಟಿಡಿಪಿ (ಪ್ರೊಸೆಸರಿನ ಶಾಖಕ್ಕೆ ಕಂಪನಿ ವ್ಯಾಟ್‌ನಲ್ಲಿ ಕೊಡುವ ಸಂಖ್ಯೆ) ಇರುವುದನ್ನು ತೆಗೆದುಕೊಟ್ಟರೆ ಸಾಕೆಂಬುದು ಅಂಗಡಿಯ ರೂಢಿಯಾಗಿತ್ತು, ನನ್ನ ಎಣಿಕೆಯೂ ಅದೇ ಆಗಿತ್ತು. ಆ ಎಣಿಕೆ ಸುಳ್ಳಾದದ್ದು ವಿದ್ಯಾನಗರದ ಒಂದು ಮನೆಯ ಮಹಡಿಯ ಮೇಲೆ.

ಗ್ರಾಹಕರು ನಿವೃತ್ತ ಅಧ್ಯಾಪಕರು, ಹಿಂದೂಸ್ತಾನಿ ಸಂಗೀತದಲ್ಲಿ ಮುಳುಗಿದವರು. ಅವರು ಹೇಳಿದ್ದು ಒಂದೇ ಮಾತು: "ನೋಡಪ್ಪಾ, ಮನ್ಸೂರರ ಆಲಾಪ ಕೇಳುವಾಗ ಫ್ಯಾನಿನ ಸದ್ದು ನನ್ನ ಕಿವಿಗೆ ಬೀಳಬಾರದು." 4ಕೆ ಟಿವಿ ಆಗಲೇ ಗೋಡೆಗೆ ಏರಿತ್ತು. ನಮ್ಮ ಅಂಗಡಿಯ ಸಾಹುಕಾರರ ಬಳಿ ಇಂಟೆಲ್ ಸೆಲೆರಾನ್ ಜೆ4125 ಬೋರ್ಡ್‌ಗಳ ಸ್ಟಾಕ್ ಉಳಿದಿತ್ತು. 10 ವ್ಯಾಟ್, ನಾಲ್ಕು ಕೋರ್, ಫ್ಯಾನ್ ಬೇಕಿಲ್ಲದ ಹೀಟ್‌ಸಿಂಕ್, ಮೇಲಾಗಿ 4ಕೆ 60 ಹರ್ಟ್ಸ್ ಕೊಡುವ ಎಚ್‌ಡಿಎಂಐ 2.0. ಕಾಗದದ ಮೇಲೆ ಬೇಕಾದದ್ದೆಲ್ಲ ಅದರಲ್ಲಿತ್ತು. ಪೆನ್‌ಡ್ರೈವ್‌ನಲ್ಲಿದ್ದ 4ಕೆ ಫೈಲ್‌ಗಳನ್ನು ಅಂಗಡಿಯಲ್ಲಿ ಹಾಕಿ ನೋಡಿದಾಗ ವೀಡಿಯೊವನ್ನು ಕುಗ್ಗಿಸಿಡುವ ಕೋಡೆಕ್‌ಗಳಾದ ಎಚ್.264 ಆಗಲಿ, 10 ಬಿಟ್‌ನ ಎಚ್‌ಇವಿಸಿ ಆಗಲಿ ನೀರು ಹರಿದಂತೆ ಓಡಿದವು. ಸಿಪಿಯು ಗ್ರಾಫ್ ಮೇಲೇಳಲೇ ಇಲ್ಲ. ಟೆಸ್ಟಿಂಗ್ ಶೀಟಿಗೆ ಸಹಿ ಹಾಕಿ ಡೆಲಿವರಿಗೆ ಕಳಿಸಿದೆವು.

ಇನ್‌ಸ್ಟಲೇಷನ್ ದಿನ ಸಂಜೆ ಮೇಷ್ಟ್ರು ತಮ್ಮ ಹಳೆಯ ಗೆಳೆಯರನ್ನೂ ಕರೆದಿದ್ದರು. ಚಾಪೆ ಹಾಸಿ, ಚಹಾ ಕೊಟ್ಟು, ಯೂಟ್ಯೂಬಿನಲ್ಲಿ 4ಕೆಯಲ್ಲಿ ಬಂದ ಒಂದು ಕಛೇರಿಯನ್ನು ಹಾಕಿಸಿದರು. ದನಿ ಸರಿಯಾಗಿ ಬರುತ್ತಿತ್ತು, ಚಿತ್ರ ಮಾತ್ರ ತಡೆತಡೆದು ಮುಂದೆ ಹೋಗುತ್ತಿತ್ತು. ತಬಲದ ಮೇಲಿನ ಬೆರಳು ಏಳುವುದು ಕಾಣುತ್ತಿತ್ತು, ಬೀಳುವುದು ಕಾಣುತ್ತಿರಲಿಲ್ಲ. ಪೆಟ್ಟಿನ ಸದ್ದು ಕೇಳಿಯಾದ ಮೇಲೆ ಕೈ ಬಂದು ಚರ್ಮದ ಮೇಲೆ ಕೂರುತ್ತಿತ್ತು. ಸಂಗೀತ ಬಲ್ಲವರ ಎದುರಿಗೆ ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ನಾನು ಮೊದಲು ಅನುಮಾನಿಸಿದ್ದು ನೆಟ್ಟನ್ನು. ವೈಫೈ ಬಿಡಿಸಿ ಲ್ಯಾನ್ ಕೇಬಲ್ ಎಳೆದೆ, ಬದಲಾಗಲಿಲ್ಲ. ಆಮೇಲೆ ಎಚ್‌ಡಿಎಂಐ ಕೇಬಲ್ ಬದಲಿಸಿದೆ, ಅದರಿಂದಲೂ ಏನೂ ಆಗಲಿಲ್ಲ. ಹಿಂದೆ ಕುಳಿತವರ ಮಾತು ನಿಂತುಹೋಗಿ, ಎಲ್ಲರ ಕಣ್ಣೂ ನನ್ನ ಬೆನ್ನ ಮೇಲಿರುವುದು ನನಗೆ ಗೊತ್ತಾಗುತ್ತಿತ್ತು. ಮೇಷ್ಟ್ರು ಬೈಯಲಿಲ್ಲ, "ನಿಧಾನಕ್ಕೆ ನೋಡಪ್ಪಾ" ಎಂದರು. ಬೈದಿದ್ದರೇ ವಾಸಿಯಾಗಿತ್ತು.

ಕೊನೆಗೆ ವೀಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ತೆರೆದಾಗ ಕಾರಣ ಎದುರಿಗೇ ಬರೆದಿತ್ತು. ಕೋಡೆಕ್ ಸಾಲಿನಲ್ಲಿ ಎವಿ01 (ಎವಿ1 ಕೋಡೆಕ್‌ನ ಗುರುತು), ಅದರ ಹತ್ತಿರ ನೋಡನೋಡುತ್ತಿದ್ದಂತೆ ಏರುತ್ತಿರುವ ಡ್ರಾಪ್ ಆದ (ತೋರಿಸದೇ ಬಿಟ್ಟುಹೋದ) ಫ್ರೇಮ್‌ಗಳ ಲೆಕ್ಕ. ಟಾಸ್ಕ್ ಮ್ಯಾನೇಜರಿನಲ್ಲಿ ನಾಲ್ಕೂ ಕೋರ್‌ಗಳು ನೂರಕ್ಕೆ ನೂರು. ಜೆ4125 ಮಾರುಕಟ್ಟೆಗೆ ಬಂದದ್ದು 2019ರಲ್ಲಾದರೂ ಅದರೊಳಗಿನ ಜೆಮಿನಿ ಲೇಕ್ ವಿನ್ಯಾಸ 2017ರ ಕೊನೆಯದು, ಎವಿ1 ಕೋಡೆಕ್‌ನ ಸ್ಪೆಸಿಫಿಕೇಷನ್ ಪ್ರಕಟವಾದದ್ದು 2018ರಲ್ಲಿ. ಹಾಗಾಗಿ ಎಚ್‌ಇವಿಸಿಯನ್ನೂ ವಿಪಿ9ನ್ನೂ ಬಿಡಿಸಲು ಆ ಚಿಪ್ಪಿನಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ಡಿಕೋಡರ್ ಇದ್ದರೂ ಎವಿ1ಗೆ ಇಲ್ಲ. ಡಿಕೋಡರ್ ಇಲ್ಲದ ಫಾರ್ಮ್ಯಾಟ್ ಬಂದಾಗ ಇಡೀ ಕೆಲಸ ಸಾಮಾನ್ಯ ಕೋರ್‌ಗಳ ತಲೆಗೆ ಬೀಳುತ್ತದೆ. ಕಡಿಮೆ ವ್ಯಾಟ್‌ಗೆಂದೇ ಮಾಡಿದ ಕೋರ್‌ಗಳಿಗೆ 4ಕೆ ಎವಿ1ನ್ನು ಸಾಫ್ಟ್‌ವೇರಿನಲ್ಲಿ ಬಿಡಿಸುವ ತ್ರಾಣ ಇರುವುದಿಲ್ಲ. ಎವಿ1 ತಡೆಯುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ, ಯೂಟ್ಯೂಬ್ ವಿಪಿ9ನ್ನೇ ಕಳಿಸುವಂತೆ ಮಾಡಿದ ಮೇಲೆ ಬೆರಳೂ ತಾಳವೂ ಒಂದಾದವು, ಆ ಸಂಜೆ ಮುಗಿಯಿತು. ಆದರೆ ಎಕ್ಸ್‌ಟೆನ್ಷನ್ ನಂಬಿ ಒಂದು ಮನೆಗೆ ಯಂತ್ರ ಕೊಟ್ಟು ಬರುವುದು ಕೆಲಸವಲ್ಲ. ಬೋರ್ಡ್ ವಾಪಸ್ ಪಡೆಯಲು ಸಾಹುಕಾರರನ್ನು ಒಪ್ಪಿಸಿ, ಇಂಟೆಲ್ ಎನ್100 ಇರುವ ಫ್ಯಾನ್‌ಲೆಸ್ ಪೆಟ್ಟಿಗೆಯನ್ನು ಇಟ್ಟುಕೊಟ್ಟೆವು.

ಎನ್100 ಬಂದದ್ದು 2023ರ ಆರಂಭದಲ್ಲಿ. ಅದರ ಟಿಡಿಪಿ 6 ವ್ಯಾಟ್, ಅಂದರೆ ಜೆ4125ಗಿಂತಲೂ ಕಡಿಮೆ; ಹಾಗಿದ್ದೂ ಅದರ ಗ್ರಾಫಿಕ್ಸ್ ಭಾಗದಲ್ಲಿ ಎವಿ1 ಡಿಕೋಡರ್ ಇದೆ. ಅದೇ ಕಛೇರಿಯನ್ನು ಅದರಲ್ಲಿ ಹಾಕಿದಾಗ ಕೋರ್‌ಗಳು ಹೆಚ್ಚುಕಡಿಮೆ ಸುಮ್ಮನೇ ಕುಳಿತಿದ್ದವು. ಟಿಡಿಪಿ ಎಂಬುದು ಶಾಖ ಹೊರಹಾಕುವ ವ್ಯವಸ್ಥೆಯನ್ನು ಲೆಕ್ಕ ಹಾಕಲು ಕೊಟ್ಟ ಸಂಖ್ಯೆಯೇ ಹೊರತು, ಗೋಡೆಯ ಪ್ಲಗ್ಗಿನಿಂದ ಎಳೆಯುವ ಕರೆಂಟಿನ ಅಳತೆಯೂ ಅಲ್ಲ, ಯಾವ ವೀಡಿಯೊ ಓಡುತ್ತದೆ ಎಂಬುದರ ಭರವಸೆಯೂ ಅಲ್ಲ. ಈಗ ನಾನು ಮೊದಲು ಕೇಳುವುದು ಡಿಕೋಡರ್. ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಆದರೆ 10 ಬಿಟ್ ಎಚ್‌ಇವಿಸಿಗೆ 7ನೇ ತಲೆಮಾರು, ಎವಿ1ಗೆ 11ನೇ ತಲೆಮಾರು ಮತ್ತು ಆಮೇಲಿನದು ಬೇಕು. ಎಎಂಡಿಯಲ್ಲಿ ನಮ್ಮ ಊರಿನಲ್ಲಿ ಗೇಮಿಂಗಿಗೆಂದು ಹೆಚ್ಚು ಕೇಳುವ ರೈಜೆನ್ 5 5600ಜಿ ಎಷ್ಟೇ ಗಟ್ಟಿ ಪ್ರೊಸೆಸರ್ ಆದರೂ ಅದರಲ್ಲಿ ಎವಿ1 ಡಿಕೋಡರ್ ಇಲ್ಲ. ಅದರ ಕೋರ್‌ಗಳು ಆ ಭಾರವನ್ನು ಹೊತ್ತುಕೊಂಡಾವು, ಆದರೆ ಹೊರುವಾಗ ಬಿಸಿಯಾಗಿ ಫ್ಯಾನನ್ನು ತಿರುಗಿಸುತ್ತವೆ. ಮೇಷ್ಟ್ರಂಥವರ ಕೋಣೆಯಲ್ಲಿ ಅದು ನಡೆಯುವುದಿಲ್ಲ.

ಹೆಸರಿನ ಕೊನೆಗೆ 'ಟಿ' ಇರುವ 35 ವ್ಯಾಟ್ ಪ್ರೊಸೆಸರನ್ನೇ ತರಿಸಿಕೊಡಿ ಎಂದು ಹಟ ಹಿಡಿಯುವವರೂ ಇದ್ದಾರೆ. ಐ3-12100 ಮತ್ತು ಐ3-12100ಟಿ ಎರಡರಲ್ಲೂ ಅದೇ ನಾಲ್ಕು ಕೋರ್, ಅದೇ ಯುಎಚ್‌ಡಿ 730 ಗ್ರಾಫಿಕ್ಸ್, ಅದೇ ಡಿಕೋಡರ್‌ಗಳು. ಮೊದಲನೆಯದರ ಮೂಲ ಮಿತಿ 60 ವ್ಯಾಟ್, ಎರಡನೆಯದರದು 35. ಈ ವ್ಯತ್ಯಾಸ ಕಾಣಿಸುವುದು ಪೂರ್ತಿ ಲೋಡ್ ಬಿದ್ದಾಗ; ಸಿನಿಮಾ ನೋಡುವಾಗ ಮತ್ತು ಸುಮ್ಮನೆ ಆನ್ ಇದ್ದಾಗ ಎರಡೂ ಎಳೆಯುವ ಕರೆಂಟು ಹೆಚ್ಚುಕಡಿಮೆ ಒಂದೇ. ಟಿ ಮಾದರಿ ಚಿಲ್ಲರೆಯಾಗಿ ಸುಲಭಕ್ಕೆ ಸಿಗುವುದೂ ಇಲ್ಲ. ಬಹಳಷ್ಟು ಬೋರ್ಡ್‌ಗಳಲ್ಲಿ ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಪವರ್ ಲಿಮಿಟ್ ಇಳಿಸಿದರೆ ಮಾಮೂಲಿ ಪ್ರೊಸೆಸರೇ ಟಿ ಮಾದರಿಯಂತೆ ನಡೆದುಕೊಳ್ಳುತ್ತದೆ.

ಕರೆಂಟು ನಿಜವಾಗಿ ಸೋರುವ ಜಾಗ ಬೇರೆಯೇ ಇದೆ. 450 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟು ಒದಗಿಸುವ ಭಾಗ) ಹಾಕಿ ಅದರಿಂದ 15 ವ್ಯಾಟ್ ಎಳೆದರೆ ಅದು ತನ್ನ ಸಾಮರ್ಥ್ಯದ ಶೇ. 4ರಷ್ಟೂ ಕೆಲಸ ಮಾಡುತ್ತಿರುವುದಿಲ್ಲ. ಎಸ್‌ಎಂಪಿಎಸ್‌ನ ದಕ್ಷತೆಗೆ ಕೊಡುವ 80 ಪ್ಲಸ್ ಪ್ರಮಾಣಪತ್ರದ ಸಾಮಾನ್ಯ ದರ್ಜೆಗಳಲ್ಲಿ ಪರೀಕ್ಷೆ ಆರಂಭವಾಗುವುದೇ ಶೇ. 20ರ ಲೋಡ್‌ನಿಂದ. ಅಷ್ಟು ಕೆಳಗೆ ಅದರ ದಕ್ಷತೆ ಕುಸಿಯುತ್ತದೆ. 12 ವೋಲ್ಟ್ ಅಡಾಪ್ಟರಿನ ಮೇಲೆ ಓಡುವ ಪೆಟ್ಟಿಗೆ ಕೊಡಬೇಕೆಂದು ನಾನು ಜಗ್ಗಾಡುವುದು ಇದಕ್ಕಾಗಿಯೇ. ಡೌನ್‌ಲೋಡಿಗೆಂದು ಹಗಲಿರುಳು ಆನ್ ಇಡುವ ಮನೆಯಲ್ಲಿ 40 ವ್ಯಾಟ್ ಎಳೆಯುವ ಯಂತ್ರದ ಬದಲು 10 ವ್ಯಾಟ್‌ನದು ಬಂದರೆ ವರ್ಷಕ್ಕೆ ಸುಮಾರು 260 ಯೂನಿಟ್, ತಿಂಗಳಿಗೆ 22 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಲೆಕ್ಕವಲ್ಲ.

ಫ್ಯಾನ್‌ಲೆಸ್ ಎಂದ ಮಾತ್ರಕ್ಕೆ ಟಿವಿ ಯೂನಿಟ್ಟಿನ ಮುಚ್ಚಿದ ಖಾನೆಯಲ್ಲಿ ತುರುಕುವಂತಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಖಾನೆ ತಾನೇ ಒಲೆಯಾಗುತ್ತದೆ. ಹಿಂದಿನ ಹಲಗೆಗೆ ತೂತು ಕೊರೆಸಿ ಎಂದು ಬಡಗಿಗೆ ನಾನೇ ಹೇಳಿ ಬರುತ್ತೇನೆ. ಆದರೂ ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಿಗೆ ನಾನು ಫ್ಯಾನ್ ಇರುವ ಪೆಟ್ಟಿಗೆ ಕೊಡುವುದಿಲ್ಲ. ಅಲ್ಲಿಂದ ಸರ್ವೀಸಿಗೆ ಬರುವ ಕ್ಯಾಬಿನೆಟ್ ಬಿಚ್ಚಿದರೆ, ಫ್ಯಾನಿನ ಎಲೆಗಳ ಅಂಚಿಗೆ ಮಸಿ ಜಿಡ್ಡಿನಂತೆ ಕಟ್ಟಿಕೊಂಡಿರುತ್ತದೆ. ಬ್ಲೋವರ್‌ಗೆ ಅದು ಜಗ್ಗುವುದಿಲ್ಲ, ಬ್ರಷ್ ಹಿಡಿದು ಒಂದೊಂದೇ ಎಲೆಯನ್ನು ಉಜ್ಜಬೇಕು.

ಅಂಗಡಿಯ ಕೊಟೇಷನ್ ಫಾರಂನಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ವಾರಂಟಿ ಎಂಬ ಕಾಲಂಗಳಿವೆ. ಡಿಕೋಡರ್‌ಗೂ ಎಚ್‌ಡಿಎಂಐ ಆವೃತ್ತಿಗೂ ಒಂದೊಂದು ಕಾಲಂ ಹಾಕಿಸಿ ಎಂದು ಸಾಹುಕಾರರಲ್ಲಿ ಕೇಳುತ್ತಲೇ ಇದ್ದೇನೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರಿಗೆ ಮತ್ತೆ ದುಡ್ಡು ಕೊಡಬೇಕೆಂಬುದು ಅವರ ತಕರಾರು. ಕಾಲಂ ಬರುವವರೆಗೆ ಎರಡನ್ನೂ ಪೆನ್ನಿನಿಂದ ಬದಿಯಲ್ಲಿ ಬರೆದು ಕೊಡುತ್ತಿದ್ದೇನೆ. ಉಳಿದ ಜೆ4125 ಬೋರ್ಡ್‌ಗಳನ್ನು ಮಂಡಿಪೇಟೆಯ ಕಿರಾಣಿ ಅಂಗಡಿಗಳ ಬಿಲ್ಲಿಂಗ್ ಕೌಂಟರ್‌ಗಳಿಗೆ ಹಾಕಿದೆವು. ಅಲ್ಲಿ ಯಾರೂ 4ಕೆ ನೋಡುವುದಿಲ್ಲ. ಕರೆಂಟು ಹೋದಾಗ ಚಿಕ್ಕ ಯುಪಿಎಸ್‌ನ ಮೇಲೆ ಹೆಚ್ಚು ಹೊತ್ತು ನಿಲ್ಲುವ ಯಂತ್ರವೇ ಅವರಿಗೆ ಬೇಕಾದದ್ದು, ಆ ಕೆಲಸಕ್ಕೆ ಅವು ಚೆನ್ನಾಗಿ ಒದಗಿವೆ.