ದಾರಿಯಲ್ಲಿರುವ ರೊಕ್ಕಕ್ಕೂ ಒಂದು ಕಾಲಂ ಬೇಕು

ಪೇಮೆಂಟ್ ಸಾಫ್ಟ್‌ವೇರ್ ಬರೆಯುವವರಿಗೆ ‘ಹಣ ಹೋಯಿತು’ ಎಂಬ ಉತ್ತರ ಬಂದರೆ ನಿಶ್ಚಿಂತೆ. ‘ಹೋಗಲಿಲ್ಲ’ ಅಂತ ಬಂದರೂ ಪರವಾಗಿಲ್ಲ, ಗ್ರಾಹಕ ಬೈದುಕೊಂಡು ಇನ್ನೊಮ್ಮೆ ಕಳಿಸುತ್ತಾನೆ. ತಲೆ ತಿನ್ನುವುದು ಉತ್ತರವೇ ಬಾರದ ವಹಿವಾಟು. ಬೆಂಗಳೂರಿನಲ್ಲಿ ಕೂತು ನಾನು ಮಾಡುವ ಕೆಲಸದಲ್ಲಿ ಅರ್ಧಕ್ಕರ್ಧ ಇಂಥವುಗಳ ಬೆನ್ನು ಹತ್ತುವುದೇ ಆಗಿದೆ.

ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ 60 ರೂಪಾಯಿಗೆ ಪಿನ್ ಒತ್ತುತ್ತೀರಿ ಅನ್ನಿ. ಆ ಕೋರಿಕೆ ಆ್ಯಪ್‌ನ ಹಿಂದಿರುವ ಬ್ಯಾಂಕಿಗೆ ಹೋಗಿ, ಅಲ್ಲಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐನ ಸ್ವಿಚ್, ಅಂದರೆ ಬ್ಯಾಂಕುಗಳ ನಡುವೆ ಸಂದೇಶ ದಾಟಿಸುವ ಕೇಂದ್ರ, ತಲುಪುತ್ತದೆ. ಸ್ವಿಚ್ ಮೊದಲು ನಿಮ್ಮ ಬ್ಯಾಂಕಿಗೆ ‘ಕಡಿತ ಮಾಡು’ ಅನ್ನುತ್ತದೆ, ಅದು ಹೂಂ ಅಂದಮೇಲೆ ಅಂಗಡಿಯವನ ಬ್ಯಾಂಕಿಗೆ ‘ಜಮಾ ಮಾಡು’ ಅನ್ನುತ್ತದೆ. ಈ ಎರಡರ ನಡುವೆ ಎಲ್ಲಿ ಬೇಕಾದರೂ ಒಂದು ಸರ್ವರ್ ಮೌನವಾಗಬಹುದು. 2016ರಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ವಹಿವಾಟು ದಾಟಿತು. ಮಾತಿಗೆ ಸಾವಿರದಲ್ಲಿ ಒಂದೇ ಒಂದು ಸಿಕ್ಕಿಹಾಕಿಕೊಂಡಿತು ಅಂದುಕೊಂಡರೂ ತಿಂಗಳಿಗೆ ಎರಡು ಕೋಟಿ ಸಲ ಯಾರೋ ಒಬ್ಬರು ಕೌಂಟರ್ ಮುಂದೆ ಫೋನ್ ಹಿಡಿದು ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕು.

ಟೀಮಿಗೆ ಹೊಸಬರು ಸೇರಿದಾಗ ಅವರ ಮೊದಲ ಕೋಡ್ ರಿವ್ಯೂನಲ್ಲಿ ನಾನು ಒಂದೇ ಒಂದು ಕಡೆ ಕಣ್ಣು ಹಾಯಿಸುತ್ತೇನೆ: ಟೈಮ್‌ಔಟ್ ಆದಾಗ ಏನು ಮಾಡಿದ್ದಾರೆ? ಹತ್ತಕ್ಕೆ ಒಂಬತ್ತು ಜನ ಅಲ್ಲಿ ‘ಫೇಲ್’ ಅಂತ ಬರೆದಿರುತ್ತಾರೆ. ಇತ್ತೀಚೆಗೆ ಬಂದ ಹುಡುಗನೂ ಹಾಗೇ ಬರೆದಿದ್ದ.

“ಮೂವತ್ತು ಸೆಕೆಂಡ್ ಕಾದ್ರೂ ಉತ್ತರ ಬರಲಿಲ್ಲ ಅಂದ್ರೆ ಫೇಲ್ ತಾನೆ ಸರ್?”

“ಉತ್ತರ ಬರಲಿಲ್ಲ ಅಂದ್ರೆ ಉತ್ತರ ಬರಲಿಲ್ಲ ಅಂತ ಬರಿ. ದುಡ್ಡು ಆಗಲೇ ಕಟ್ ಆಗಿದ್ರೆ?”

ಫೇಲ್ ಅಂತ ತೋರಿಸಿದರೆ ಗ್ರಾಹಕ ಇನ್ನೊಮ್ಮೆ ಕಳಿಸುತ್ತಾನೆ, ಅರ್ಧ ಗಂಟೆ ಬಿಟ್ಟು ಎರಡೂ ಜಮಾ ಆಗುತ್ತವೆ. ಅದಕ್ಕೇ ಮೊದಲ ವಹಿವಾಟನ್ನು ‘ಪೆಂಡಿಂಗ್’ ಎಂದು ಪಕ್ಕಕ್ಕಿಟ್ಟು, ಅದರದೇ ಐಡಿ ಹಿಡಿದು ಮತ್ತೆ ಮತ್ತೆ ವಿಚಾರಿಸಬೇಕು. ಹೊಸ ಐಡಿ ಹುಟ್ಟಿಸುವ ಹಾಗಿಲ್ಲ. ಒಂದೇ ಐಡಿಯಲ್ಲಿ ಹತ್ತು ಸಲ ಕೇಳಿದರೂ ಹಣ ಒಂದೇ ಸಲ ಕದಲಬೇಕು. ಹುಡುಗ ತಲೆಯಾಡಿಸಿ ತಿದ್ದಿಕೊಂಡು ಬಂದ. ಡೇಟಾಬೇಸಿನಲ್ಲಿ ಒಂದು ಕಾಲಂ ಹೆಚ್ಚಾಯಿತು, ಅಷ್ಟೇ. ನನ್ನ ಪ್ರಕಾರ ಇಡೀ ಕೋಡಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಕಾಲಂ ಅದೇ.

ಇಂಥ ಹಣಕ್ಕೆ ಕಾನೂನಿನ ಕಾವಲೂ ಇದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ಯುಪಿಐನಲ್ಲಿ ಒಬ್ಬರ ಖಾತೆಯಿಂದ ಕಡಿತವಾಗಿ ಇನ್ನೊಬ್ಬರಿಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟ ಹಣ ದೃಢವಾಗದಿದ್ದರೆ ಐದು ದಿನ ಗಡುವು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರು ಕೊಡುವಾಗ ಸ್ಕ್ರೀನ್‌ಶಾಟ್‌ಗಿಂತ ಅದರಲ್ಲಿರುವ 12 ಅಂಕಿಗಳ ರೆಫರೆನ್ಸ್ ನಂಬರ್ ಮುಖ್ಯ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ವರ್ಷದ ಎಷ್ಟನೇ ದಿನ ಎಂಬುದು. 5032 ಎಂದು ಶುರುವಾದರೆ 2025ರ ಫೆಬ್ರುವರಿ 1. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ‘ಈಗ ತಾನೇ ಹಾಕಿದೆ’ ಅನ್ನುವವರನ್ನು ಹಿಡಿಯಲು ಅಂಗಡಿಯವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ರಾಣೆಬೆನ್ನೂರಿನಲ್ಲಿ ದಿನಸಿ ಅಂಗಡಿ ನಡೆಸಿದ ನಮ್ಮಪ್ಪನಿಗೆ ನನ್ನ ಕೆಲಸ ವಿವರಿಸಲು ಮೊದಮೊದಲು ಬಹಳ ಒದ್ದಾಡುತ್ತಿದ್ದೆ. ಸರ್ವರ್, ಸ್ವಿಚ್ ಎಂದರೆ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು. ಒಂದು ಸಲ ರಿಕನ್ಸಿಲಿಯೇಶನ್ ಬಗ್ಗೆ ಹೇಳುತ್ತಿದ್ದೆ: ನಮ್ಮ ಲೆಕ್ಕ, ಬ್ಯಾಂಕಿನ ಫೈಲು, ಎನ್‌ಪಿಸಿಐ ಫೈಲು ಮೂರನ್ನೂ ಸಾಲುಸಾಲಾಗಿ ಹೋಲಿಸಿ ಹೊಂದದ್ದನ್ನು ಹೆಕ್ಕುತ್ತೇವೆ ಅಂತ. ಅಪ್ಪ ತಟ್ಟನೆ, “ಹಂಗಾರ ನೀನೂ ರಾತ್ರಿ ಕೂತು ಕಿರ್ದಿ ತಾಳೆ ನೋಡಾಂವ. ಮತ್ತ ಅಷ್ಟ್ಯಾಕ ಓದಿದಿ?” ಅಂದರು.

ಅಲ್ಲಿಗೆ ವಿವರಿಸುವ ಕೆಲಸ ಮುಗಿಯಿತು. ಅಂಗಡಿಯ ಬಾಗಿಲು ಹಾಕಿದ ಮೇಲೆ ಅಪ್ಪ ಗಲ್ಲೆಯ ರೊಕ್ಕ ಎಣಿಸಿ, ಕಿರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ, ಶಿಲ್ಕಿಗೆ (ಉಳಿದಿರಬೇಕಾದ ನಗದಿಗೆ) ತಾಳೆಯಾಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಅವ್ವ ಎರಡು ಸಲ ಕರೆದು ಸುಮ್ಮನಾಗುತ್ತಿದ್ದಳು. ಉದ್ರಿ ಕೊಟ್ಟ ಸಾಮಾನಿಗೆ ಬೇರೆಯದೇ ಪುಸ್ತಕ. ಉದ್ರಿಯ ರೊಕ್ಕವನ್ನು ಅವರು ಎಂದೂ ಶಿಲ್ಕಿಗೆ ಸೇರಿಸಿದವರಲ್ಲ, ಹೋಯಿತೆಂದು ಖರ್ಚಿಗೆ ಬರೆದವರೂ ಅಲ್ಲ. ಸುಗ್ಗಿಯಾಗಿ ಹತ್ತಿ, ಗೋವಿನಜೋಳ ಮಾರಾಟವಾದಾಗ ರೈತರು ತೀರಿಸುತ್ತಿದ್ದರು, ಅಲ್ಲಿಯವರೆಗೆ ಅದು ದಾರಿಯಲ್ಲಿರುವ ರೊಕ್ಕ. ಬ್ಯಾಂಕಿನವರು ಸಸ್ಪೆನ್ಸ್ ಅಕೌಂಟ್ ಎಂದು ಕೋಟು ಹಾಕಿಕೊಂಡು ಹೇಳುವುದಕ್ಕೂ ಆ ಉದ್ದನೆಯ ಕೆಂಪು ಪುಸ್ತಕಕ್ಕೂ ಹೆಚ್ಚು ಅಂತರವಿಲ್ಲ.

ನಮ್ಮಂಥ ಸಂಬಳದವರ ಮನೆಯಲ್ಲಿ ಈ ಪುಸ್ತಕವೇ ಇಲ್ಲ. ಒಂದನೇ ತಾರೀಖು ಮೆಸೇಜ್ ಬರುತ್ತದೆ, ಐದಕ್ಕೆ ಇಎಂಐ ಹೋಗುತ್ತದೆ, ಉಳಿದದ್ದು ನಮ್ಮದು ಅನ್ನುವ ಭಾವನೆ. ಹೀಗಾಗಿ ದಾರಿಯಲ್ಲಿರುವ ರೊಕ್ಕವನ್ನು ಕೆಲವರು ಕೈಗೆ ಬಂದಂತೆ ಎಣಿಸುತ್ತಾರೆ, ಇನ್ನು ಕೆಲವರು ಪೂರ್ತಿ ಮರೆತೇಬಿಡುತ್ತಾರೆ. ಮೊದಲನೆಯದಕ್ಕೆ ಉದಾಹರಣೆ ಬೇಕಾದರೆ ನಮ್ಮ ಆಫೀಸಿನ ಊಟದ ಟೇಬಲ್ಲಿಗೆ ಬನ್ನಿ. ಕಂಪನಿ ಕೊಡುವ ಷೇರು ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಕೈಸೇರುತ್ತದೆ. ಮಧ್ಯೆ ಕೆಲಸ ಬಿಟ್ಟರೂ, ಬಿಡಿಸಿದರೂ, ಉಳಿದದ್ದು ಸಾಮಾನ್ಯವಾಗಿ ಹೋದ ಹಾಗೇ. ಆದರೆ ಫ್ಲ್ಯಾಟ್ ನೋಡಲು ಹೋದಾಗ ಅದೆಲ್ಲ ಈಗಾಗಲೇ ಜೇಬಿನಲ್ಲಿರುತ್ತದೆ!

ಫ್ಲ್ಯಾಟ್ ಅಂದರೆ ಸಾಲ. 50 ಲಕ್ಷ, ಶೇ. 8.5 ಬಡ್ಡಿ, 20 ವರ್ಷ ಎಂದು ಒಂದು ಸಣ್ಣ ಸ್ಕ್ರಿಪ್ಟ್ ಬರೆದು ತಿಂಗಳ ತಿಂಗಳ ಪಟ್ಟಿ ತೆಗೆದೆ. ಕಂತು ಸುಮಾರು 43,391 ರೂಪಾಯಿ. ಮೊದಲ ಕಂತಿನಲ್ಲಿ 35,417 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮಾ ಆಗುವುದು ಎಂಟು ಸಾವಿರಕ್ಕೂ ಕಡಿಮೆ. ಬಡ್ಡಿದರ ಬದಲಾಗದೆ ಇದೇ ಚಾಲಿಯಲ್ಲಿ ಹೋದರೆ ಅರ್ಧ ಅಸಲು ತೀರಲು ಹತ್ತಿರ ಹತ್ತಿರ 14 ವರ್ಷ ಬೇಕು. ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಬಡ್ಡಿದರದ ಬಗ್ಗೆ ತಕರಾರು ಎತ್ತಲಿಲ್ಲ. “ನಡುವ ಒಂದೀಟು ಹೆಚ್ಚಿಗಿ ಕಟ್ಟಿದ್ರ ತಗೋತಾರೇನು?” ಎಂದಷ್ಟೇ ಕೇಳಿದರು. ತೆಗೆದುಕೊಳ್ಳುತ್ತಾರೆ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟುತ್ತ ಹೋದರೆ ಇಪ್ಪತ್ತು ವರ್ಷದ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಸಾಲ ಮುಗಿಯುತ್ತದೆ. ಬೋನಸ್ ಬಂದಾಗ ಹೊಸ ಫೋನ್ ತೋರಿಸುವ ಯಾವ ಆ್ಯಪೂ ಈ ಲೆಕ್ಕ ತೋರಿಸಿದ್ದು ನಾನು ನೋಡಿಲ್ಲ. ನಾನೇ ಆ್ಯಪ್ ಮಾಡುವವನಾದ್ದರಿಂದ ಏಕೆ ತೋರಿಸುವುದಿಲ್ಲ ಎಂಬುದೂ ಗೊತ್ತು: ಸಾಲ ಬೇಗ ತೀರಿಸಿದವನಿಂದ ಯಾರಿಗೂ ಕಮಿಷನ್ ಹುಟ್ಟುವುದಿಲ್ಲ.

ಆಮೇಲೆ ಮನೆಯಲ್ಲಿ ನಾನೂ ಹೆಂಡತಿಯೂ ಸೇರಿ ಒಂದು ಶೀಟ್ ಮಾಡಿದೆವು. ಬಂದದ್ದು, ಹೋದದ್ದು, ದಾರಿಯಲ್ಲಿರುವುದು. ಮೂರನೆಯ ಕಾಲಮಿನಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್, ಇನ್ನೂ ಕೈಸೇರದ ಷೇರು, ವಿಮೆಯವರಿಂದ ಬರಬೇಕಾದ ಅವ್ವನ ಕಣ್ಣಿನ ಆಪರೇಷನ್ನಿನ ಹಣ ಇತ್ಯಾದಿ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಇಬ್ಬರೂ ಕೂತು ತಾಳೆ ನೋಡುತ್ತೇವೆ. ಇದರಿಂದ ಉಳಿತಾಯ ಹೆಚ್ಚಿತು ಎಂದು ಹೇಳಲಾರೆ. ‘ಅಷ್ಟೊಂದು ಸಂಬಳ ಎಲ್ಲಿ ಹೋಗುತ್ತೆ’ ಎಂಬ ಜಗಳ ಮಾತ್ರ ನಿಂತಿದೆ.

ಬದಲಿಗೆ ಹೊಸದೊಂದು ಶುರುವಾಗಿದೆ. ನೆಂಟರಿಗೆ ಕೊಟ್ಟ ಕೈಗಡವೆಲ್ಲ ಮೂರನೆಯ ಕಾಲಮಿನಲ್ಲೇ ಇದೆ. ವರ್ಷ ದಾಟಿದ್ದನ್ನು ಅಲ್ಲಿಂದ ತೆಗೆದು ಖರ್ಚಿಗೆ ಹಾಕಬೇಕು ಎಂಬುದು ನನ್ನ ಹೆಂಡತಿಯ ವಾದ. ಪೆಂಡಿಂಗ್‌ಗೂ ಒಂದು ಗಡುವು ಇರಬೇಕು, ನಿಮ್ಮ ರಿಸರ್ವ್ ಬ್ಯಾಂಕೇ ಇಟ್ಟಿಲ್ಲವಾ ಅನ್ನುತ್ತಾಳೆ. ತರ್ಕದಲ್ಲಿ ತಪ್ಪಿಲ್ಲ. ಪಟ್ಟಿಯಲ್ಲಿರುವವರೆಲ್ಲ ನನ್ನ ಕಡೆಯವರು, ಹಾಗಾಗಿ ಆ ಸಾಲುಗಳು ಸದ್ಯಕ್ಕೆ ಅಲ್ಲೇ ಇವೆ.